ಸುಮ್ನೆ ಯಾರಾದ್ರೂ ನಾಲೆ ಏರಿ ಮೇಲೆ ಬರ್ತಾರಾ?

ಈ ಸಂಚಿಕೆನ ಸೈಕಲ್ ಮೇಲೆ ಕೂತ್ಕೊಂಡು ಕೇಳ್ತಿರೋರು ದಯವಿಟ್ಟು ಒಂದು ಕಿವಿಯ ಇಯರ್‌ಫೋನ್ ತೆಗೆದುಬಿಡಿ. ಹಿಂದಿನಿಂದ ಬರೋ ಕಬ್ಬಿನ ಟ್ರ್ಯಾಕ್ಟರ್ ಸದ್ದು ನನ್ನ ದನಿಗಿಂತ ಮುಖ್ಯ. ಮನೇಲಿ ಕೂತು ಕೇಳ್ತಿರೋರು ಆರಾಮಾಗಿ ಎರಡೂ ಕಿವೀಲಿ ಕೇಳಿ.

ಹೋದ ತಿಂಗಳು ಕೇಳುಗರೊಬ್ರು ಒಂದು ರೀಲ್ಸ್ ಕಳಿಸಿದ್ರು. ಅಂಥವು ನಿಮ್ಮ ಫೋನಿಗೂ ಬಂದಿರುತ್ತೆ. ಫ್ರಾನ್ಸ್‌ನ ಯಾವುದೋ ಹಳ್ಳಿ ಕಡೆ. ಎರಡೂ ಬದಿ ಎತ್ತರದ ಮರಗಳು, ಪಕ್ಕದಲ್ಲಿ ನಿಧಾನಕ್ಕೆ ಹರಿಯೋ ಕಾಲುವೆ, ಸೈಕಲ್ ಹಿಂದೆ ಎರಡು ಬ್ಯಾಗು ಕಟ್ಟಿಕೊಂಡ ಗಂಡ ಹೆಂಡತಿ. ಇಡೀ ವಿಡಿಯೋದಲ್ಲಿ ಒಂದು ಕಾರು ಇಲ್ಲ, ಒಂದು ಹಾರ್ನ್ ಇಲ್ಲ. ಕೆಳಗಡೆ ಅವರ ಪ್ರಶ್ನೆ: 'ನಮ್ ಮೈಸೂರಲ್ಲಿ ಇಂಥ ರೋಡ್ ಯಾಕಿಲ್ಲ ಗುರು?'

ನಾನು 'ಇದೆಯಲ್ಲ' ಅಂತ ಟೈಪ್ ಮಾಡಿ ಕಳಿಸಿಬಿಟ್ಟೆ. ಕಳಿಸಿದ ಮೇಲೆ ಯೋಚನೆ ಹತ್ತಿತು. ಇದೆಯಾ? ಇದ್ರೆ ಯಾರು ಮಾಡಿದ್ದು? ಯಾಕೆ ಮಾಡಿದ್ದು? ಆ ಒಂದು ಮಾತಿಗೆ ಉತ್ತರ ಹುಡುಕೋಕೆ ಹೋಗಿ ಈ ಸಂಚಿಕೆ ಆಯ್ತು.

ಮೊದಲು ನಗರದ ವಿಷಯ ಮುಗಿಸಿಬಿಡ್ತೀನಿ. 2017ರ ಜೂನ್‌ನಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಬಂತು. 450 ಸೈಕಲ್ಲು, ಕಾರ್ಡ್ ತೋರಿಸಿ ಒಂದು ಕಡೆ ತಗೊಂಡು ಇನ್ನೊಂದು ಕಡೆ ನಿಲ್ಲಿಸೋದು. ದೇಶಕ್ಕೇ ಮಾದರಿ ಅಂತ ಎಲ್ರೂ ಬರೆದ್ರು. ನಾನೂ ಕಾರ್ಡ್ ಮಾಡಿಸಿದ್ದೆ. ಅದು ಅರಮನೆ, ಝೂ, ರೈಲ್ವೆ ಸ್ಟೇಷನ್ನಿನ ನಡುವೆ ಓಡಾಡೋ ಸೈಕಲ್ಲು. ಊರು ಬಿಟ್ಟು ಹೊರಗೆ ಹೋಗೋಕಲ್ಲ.

ಊರು ಬಿಟ್ಟು ಹೊರಗೆ ಹೋಗೋದೇ ಕಷ್ಟ ಈಗ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆಯ್ತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆ ಮೇಲೆ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರು, ಜೊತೆಗೆ ಎಂಜಿನ್ ಇಲ್ಲದ ಯಾವ ಗಾಡಿಯೂ ಬರಬಾರದು ಅಂತ ಆದೇಶ ಬಂತು. ನಿಜ ಹೇಳಬೇಕಂದ್ರೆ ಅದು ಸರಿಯಾದ ಆದೇಶವೇ. ನೂರರ ಸ್ಪೀಡಲ್ಲಿ ಹೋಗೋ ಕಾರುಗಳ ನಡುವೆ ಸೈಕಲ್ ಹೊಡೆಯೋನು ಬದುಕಿದ್ರೆ ಅದು ಅವನ ತಾಯಿ ಪುಣ್ಯ. ಆದ್ರೆ ಅದಾದ್ಮೇಲೆ ಒಂದು ಪ್ರಶ್ನೆ ಉಳೀತು. ನಮ್ಮನ್ನ ಅಲ್ಲಿಂದ ಇಳಿಸಿದ್ರು, ಸರಿ. ಎಲ್ಲಿಗೆ ಹೋಗಿ ಅಂದ್ರು? ಸರ್ವಿಸ್ ರಸ್ತೆಗೆ. ಸರ್ವಿಸ್ ರಸ್ತೇಲಿ ಬಸ್ಸು, ಲಾರಿ, ಎದುರುಗಡೆಯಿಂದ ರಾಂಗ್ ಸೈಡಲ್ಲಿ ಬರೋ ಬುಲೆಟ್ಟು, ಎಲ್ಲ ಒಟ್ಟಿಗೆ.

ಹಾಗಾಗಿ ನಾನು ಆ ಕಡೆ ಹೋಗೋದೇ ಇಲ್ಲ. ಬೆಳಗ್ಗೆ ಐದೂ ಮುಕ್ಕಾಲಿಗೆ ಮೇಟಗಳ್ಳಿ ದಾಟಿ, ಕೆಆರ್‌ಎಸ್ ರಸ್ತೆ ಹಿಡಿದು ಬೆಳಗೊಳದ ಕಡೆ ಹೋಗ್ತೀನಿ. ಅಲ್ಲಿ ವಿರಿಜಾ ನಾಲೆ ಸಿಗುತ್ತೆ. ನಾಲೆ ಪಕ್ಕ ಒಂದು ಮಣ್ಣಿನ ದಾರಿ. ಪಾಲಹಳ್ಳಿ ಕಡೆಗೆ ತಿರುಗಿಕೊಂಡು ನೀರಿನ ಜೊತೇಲೇ ಹೋಗೋದು. ಎಡಕ್ಕೂ ಬಲಕ್ಕೂ ಗದ್ದೆ, ತೆಂಗು, ಕಬ್ಬು. ಮುಂದೆ ಶ್ರೀರಂಗಪಟ್ಟಣ ದಾಟಿದ್ರೆ ಕಾವೇರಿಯ ಆ ದಡದಲ್ಲೂ ನಾಲೆಗಳು, ಅದರ ಮೇಲೆ ಇನ್ನೂ ದೊಡ್ಡ ವಿಶ್ವೇಶ್ವರಯ್ಯ ನಾಲೆ, ಎಲ್ಲರೂ ಕರೆಯೋದು ವಿ.ಸಿ. ನಾಲೆ ಅಂತ. ಒಂದು ಬೆಳಗ್ಗೆ 50 ಕಿಲೋಮೀಟರ್ ಹೊಡೆದು ಬರಬಹುದು, ಅದರಲ್ಲಿ ಹೈವೇ ಅಂತ ಸಿಗೋದು ದಾಟೋಕೆ ಬೇಕಾದ ಹತ್ತು ಸೆಕೆಂಡ್ ಮಾತ್ರ. ಇದನ್ನೇ ನಾನು ಅವರಿಗೆ 'ಇದೆಯಲ್ಲ' ಅಂದಿದ್ದು.

ಈಗ ಸ್ವಲ್ಪ ಹಳೇ ಕಾಲಕ್ಕೆ ಹೋಗೋಣ.

ಕಾವೇರಿಗೆ ಅಡ್ಡ ಕಟ್ಟೆ ಕಟ್ಟಿ ನಾಲೆ ತೆಗೆಯೋದು ಕೆಆರ್‌ಎಸ್‌ನಿಂದ ಶುರುವಾಗಿದ್ದಲ್ಲ. ತಲಕಾಡಿನ ಕಡೆಯ ಮಾಧವಮಂತ್ರಿ ಕಟ್ಟೆ ವಿಜಯನಗರದ ಕಾಲಕ್ಕೆ ಹೋಗುತ್ತೆ. ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆ 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಾಲದ್ದು ಅಂತಾರೆ. ಬಂಗಾರದೊಡ್ಡಿ ಅನ್ನೋದು ರಾಜನಿಗೆ ಪ್ರಿಯಳಾಗಿದ್ದ ಹೆಣ್ಣೊಬ್ಬಳ ಹೆಸರು ಅಂತ ಕಥೆ. ಕಥೆ ಇರಲಿ, ಕೆಲಸ ನೋಡಿ: ನದಿಯಿಂದ ನೀರು ತೆಗೆದು, ಅದೇ ನದಿಯ ಕವಲಿನ ಮೇಲೆ ಕಲ್ಲಿನ ಮೇಲ್ಗಾಲುವೆ ಕಟ್ಟಿ, ದ್ವೀಪದೊಳಗಿನ ಗದ್ದೆಗಳಿಗೆ ದಾಟಿಸಿದ್ರು. ನದಿಯ ಮೇಲೆ ನದಿ. ಸಿಮೆಂಟಿಲ್ಲ, ಲೆವೆಲಿಂಗ್ ಮೆಷಿನ್ನಿಲ್ಲ.

ಆಮೇಲೆ ಚಿಕ್ಕದೇವರಾಜ ಒಡೆಯರು, 1673ರಿಂದ 1704. ಚಿಕ್ಕದೇವರಾಯ ಸಾಗರ ನಾಲೆ, ಅಂದ್ರೆ ಸಿ.ಡಿ.ಎಸ್. ನಾಲೆ, ಅವರ ಹೆಸರಲ್ಲೇ ಇವತ್ತಿಗೂ ಹರೀತಿದೆ.

ಈಗ ಇದೇ ವರ್ಷಗಳನ್ನ ಇಟ್ಕೊಂಡು ಫ್ರಾನ್ಸಿಗೆ ಹೋಗಿ. ಆ ರೀಲ್ಸ್‌ನಲ್ಲಿದ್ದ ಕಾಲುವೆ ಇದೆಯಲ್ಲ, ಅದು ಕನಾಲ್ ದ್ಯು ಮಿದಿ. ತುಲೂಸ್ ಊರಿಂದ ಮೆಡಿಟರೇನಿಯನ್ ಸಮುದ್ರದ ಕಡೆಗೆ 240 ಕಿಲೋಮೀಟರ್. ಅಗೆಯೋಕೆ ಶುರು ಮಾಡಿದ್ದು 1666, ಮುಗಿದಿದ್ದು 1681. ಅಂದ್ರೆ ಚಿಕ್ಕದೇವರಾಜರು ಶ್ರೀರಂಗಪಟ್ಟಣದಲ್ಲಿ ಪಟ್ಟಕ್ಕೆ ಬಂದಾಗ ಅಲ್ಲಿ ಅರ್ಧ ಕಾಲುವೆ ಅಗೆದಾಗಿತ್ತು. ಎರಡೂ ಕಡೆ ಒಂದೇ ಕಾಲದ ಜನ ಒಂದೇ ತರ ಮಣ್ಣು ಹೊತ್ತಿದ್ದಾರೆ.

ಆ ಕಾಲುವೆ ಮಾಡಿಸಿದವನು ಎಂಜಿನಿಯರ್ ಅಲ್ಲ ಅನ್ನೋದು ನನಗೆ ಬಹಳ ಖುಷಿ ಕೊಟ್ಟ ವಿಷಯ. ಪಿಯೆರ್ ಪಾಲ್ ರಿಕೆ ಅಂತ. ರಾಜನ ಪರವಾಗಿ ಉಪ್ಪಿನ ತೆರಿಗೆ ವಸೂಲಿ ಮಾಡ್ತಿದ್ದ ಗುತ್ತಿಗೆದಾರ. ಬಿ.ಕಾಂ. ಮಾಡಿದವರ ಮನೆದೇವರು ಅನ್ನಬಹುದು. ತನ್ನ ಸ್ವಂತ ದುಡ್ಡನ್ನೂ ಸುರಿದ, ಸಾಲ ಮಾಡ್ಕೊಂಡ, ಕಾಲುವೆ ತೆರೆಯೋಕೆ ಕೆಲವು ತಿಂಗಳಿದೆ ಅನ್ನುವಾಗ 1680ರಲ್ಲಿ ಸತ್ತುಹೋದ. ಮಕ್ಕಳು ಸಾಲ ತೀರಿಸೋಕೆ ಪಾಡು ಪಟ್ಟರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಅವರ ಕಾಲುವೆ ದೋಣಿಗೆ. ನಮ್ಮ ನಾಲೆ ಭತ್ತಕ್ಕೆ. ಅಲ್ಲಿ ದೋಣಿಗೆ ಎಂಜಿನ್ ಇರಲಿಲ್ಲವಲ್ಲ, ದಡದ ಮೇಲೆ ಕುದುರೆ ನಡ್ಕೊಂಡು ಹಗ್ಗದಲ್ಲಿ ದೋಣಿ ಎಳೀಬೇಕಿತ್ತು. ಆ ಕುದುರೆ ನಡೆಯೋಕೆ ಅಂತ ನೀರಿನ ಪಕ್ಕ ಒಂದು ದಾರಿ ಮಾಡಿದ್ರು. ಇವತ್ತು ಜಗತ್ತೆಲ್ಲ ಹೋಗಿ ಸೈಕಲ್ ಹೊಡೆಯೋದು ಆ ಕುದುರೆ ದಾರೀಲಿ. ನಮ್ಮಲ್ಲಿ ನಾಲೆ ಅಗೆದಾಗ ಬಂದ ಮಣ್ಣನ್ನ ಇಳಿಜಾರಿನ ಕಡೆಗೆ ಹಾಕಿ ಏರಿ ಮಾಡಿದ್ರು. ನೀರು ಆಚೆ ಹೋಗಬಾರದು ಅಂತ. ಆ ಏರಿ ಮೇಲೆ ತೂಬು ನೋಡಿಕೊಳ್ಳೋ ಸೌಡಿ ನಡೆದ, ಆಮೇಲೆ ಇಲಾಖೆಯ ಜೀಪು ಬಂತು, ಆಮೇಲೆ ರೈತರ ಗಾಡಿ ಬಂತು. ಅದು ದಾರಿ ಆಯ್ತು.

ಕಾಲೇಜಲ್ಲಿ ಕಾಸ್ಟ್ ಅಕೌಂಟಿಂಗ್ ಓದಿದವರಿಗೆ ಬೈ-ಪ್ರಾಡಕ್ಟ್ ಅನ್ನೋ ಪದ ನೆನಪಿರುತ್ತೆ. ನಮ್ಮ ಮೇಷ್ಟ್ರು ಕೊಡ್ತಿದ್ದ ಉದಾಹರಣೆ ಮಂಡ್ಯದ್ದೇ: ಸಕ್ಕರೆ ಮಾಡೋಕೆ ಹೋದ್ರೆ ಕಾಕಂಬಿ ಬರುತ್ತೆ. ಕಾಕಂಬಿಗೋಸ್ಕರ ಯಾರೂ ಫ್ಯಾಕ್ಟರಿ ಕಟ್ಟಲ್ಲ. ಲೆಕ್ಕದ ಪುಸ್ತಕದಲ್ಲಿ ಅದರ ಖರ್ಚು ಸೊನ್ನೆ ಅಂತಲೂ ಬರೀತಾರೆ. ನಾನು ಎಷ್ಟು ಹುಡುಕಿದ್ರೂ ಸೈಕಲ್ ದಾರಿಗಳ ಇತಿಹಾಸದಲ್ಲಿ ಸಿಕ್ಕಿದ್ದು ಇದೇ. ಸದ್ದಿಲ್ಲದ ಒಳ್ಳೆ ದಾರಿ ಅಂತ ನಾವು ಹುಡುಕಿಕೊಂಡು ಹೋಗೋದೆಲ್ಲ ಬೇರೆ ಯಾವುದೋ ದೊಡ್ಡ ಕೆಲಸದ ಕಾಕಂಬಿ.

ಇನ್ನೊಂದು ಗುಟ್ಟಿದೆ. ಈ ದಾರಿಗಳು ಯಾಕೆ ತೊಡೆಗೆ ನೋವು ಕೊಡಲ್ಲ? ನೀರು ಏರು ಹತ್ತಲ್ಲ. ನಾಲೆ ಕಿಲೋಮೀಟರಿಗೆ ಅಂಗುಲ, ಅಡಿ ಲೆಕ್ಕದಲ್ಲಿ ಇಳೀತಾ ಹೋಗಬೇಕು. ಗುಡ್ಡ ಬಂದ್ರೆ ಬಳಸಿಕೊಂಡು ಹೋಗಬೇಕು. ಅದಕ್ಕೇ ನಾಲೆ ದಾರಿ ಸುತ್ತು, ಆದ್ರೆ ಸಪಾಟು. ಉಗಿ ಎಂಜಿನ್ನಿಗೂ ಇದೇ ಕಷ್ಟ, ಕಡಿದಾದ ಏರು ಹತ್ತಲ್ಲ. ಫ್ರಾನ್ಸಿನ ಇನ್ನರ್ಧ ಸೈಕಲ್ ದಾರಿಗಳು ಬಂದಿದ್ದು ಆ ರೈಲಿನಿಂದ. 1879ರಲ್ಲಿ ಫ್ರೆಸಿನೆ ಅನ್ನೋ ಮಂತ್ರಿ ದೇಶದ ಸಣ್ಣ ಸಣ್ಣ ಊರಿಗೂ ರೈಲು ಹೋಗಬೇಕು ಅಂತ ಯೋಜನೆ ಹಾಕಿದ. ಹಾಕಿದ್ರು. ಮುಂದೆ ಕಾರು, ಬಸ್ಸು ಬಂದ ಮೇಲೆ ಹಳ್ಳಿ ರೈಲುಗಳು ಒಂದೊಂದಾಗಿ ನಿಂತವು, ಕಂಬಿ ಕಿತ್ತರು, ಜಾಗ ಉಳೀತು. ಬರ್ಗಂಡಿ ಪ್ರಾಂತ್ಯದಲ್ಲಿ ಜಿವ್ರಿ, ಕ್ಲುನಿ ಅನ್ನೋ ಊರುಗಳ ನಡುವಿನ ಹಳೇ ರೈಲು ದಾರಿಯನ್ನ 1997ರಲ್ಲಿ ಸೈಕಲ್ಲಿಗೂ ನಡೆಯೋರಿಗೂ ಬಿಟ್ಟರು. ಅಂಥ ದಾರಿಗೆ 'ಹಸಿರು ದಾರಿ' ಅಂತ ಹೆಸರು, ಫ್ರೆಂಚಲ್ಲಿ ವುವಾ ವೆರ್ತ್. 2004ರಲ್ಲಿ ಆ ಹೆಸರು ದೇಶದ ಸಂಚಾರ ನಿಯಮದ ಪುಸ್ತಕದೊಳಗೇ ಬಂತು. ಎಂಜಿನ್ ಇರೋ ಗಾಡಿಗೆ ಪ್ರವೇಶ ಇಲ್ಲ. ಮುಗೀತು.

ನಮ್ಮಲ್ಲಿ ಹಾಗೆ ಬಿಟ್ಟ ರೈಲು ದಾರಿ ಯಾಕಿಲ್ಲ ಅಂದ್ರೆ, ಮೈಸೂರಿನ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಾಗ ಹೆಚ್ಚುಕಡಿಮೆ ಅದೇ ಜಾಡಿನ ಮೇಲೆ ಬಂತು. ಇಲ್ಲಿ ರೈಲು ಇನ್ನೂ ಬೇಕು. ಸೀಟಿಗೆ ಹೊಡೆದಾಡೋಷ್ಟು ಬೇಕು.

ಫ್ರಾನ್ಸಿನ ಕಥೇಲಿ ಒಬ್ಬ ಮನುಷ್ಯನ ಬಗ್ಗೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಪಾಲ್ ದ ವಿವಿ, 1853ರಲ್ಲಿ ಹುಟ್ಟಿದವನು. ಸೇಂತ್ ಎತಿಯೆನ್ ಊರಲ್ಲಿ ರೇಷ್ಮೆ ವ್ಯಾಪಾರ. ಮೈಸೂರಿನವರಿಗೆ ರೇಷ್ಮೆ ಅಂದ್ರೆ ಸಾಕು, ನೆಂಟಸ್ತನ ಬೆಳೀತು ಅನ್ಕೊಳ್ಳಿ. ವ್ಯಾಪಾರ ಬಿಟ್ಟು ಸೈಕಲ್ಲಿನ ಹಿಂದೆ ಬಿದ್ದ. 1887ರಲ್ಲಿ ಸೈಕಲ್ ಬಗ್ಗೆ ಪತ್ರಿಕೆ ಶುರು ಮಾಡಿ ವೆಲೋಸಿಯೊ ಅನ್ನೋ ಹೆಸರಲ್ಲಿ ಬರೆದ. ಆಗ ಸೈಕಲ್ ಅಂದ್ರೆ ರೇಸು. ಇವನು, ರೇಸ್ ಬೇಡ, ಊರು ನೋಡ್ಕೊಂಡು ಹೋಗಿ, ಹಸಿವಾಗೋಕೆ ಮೊದಲೇ ತಿನ್ನಿ, ಜಂಬಕ್ಕೆ ಪೆಡಲ್ ತುಳೀಬೇಡಿ ಅಂತ ಹೇಳಿಕೊಂಡು ತಿರುಗಿದ. ಸೈಕಲ್ಲಿಗೆ ಗೇರು ಬೇಕು ಅಂತ ವಾದಿಸಿದ. ಗೇರು ಹೆಂಗಸರಿಗೆ, ಮುದುಕರಿಗೆ ಅಂತ ರೇಸಿನವರು ನಕ್ಕರು. ಟೂರ್ ದ ಫ್ರಾನ್ಸ್‌ನಲ್ಲಿ ಗೇರು ಬದಲಿಸೋ ಡಿರೇಲರಿಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ನೋಡೋಕೆ ಅವನಿರಲಿಲ್ಲ. 1930ರಲ್ಲಿ, ತನ್ನೂರಲ್ಲೇ, ಸೈಕಲ್ ತಳ್ಕೊಂಡು ಹೋಗ್ತಿದ್ದಾಗ ಟ್ರಾಮ್ ಬಡಿದು ಸತ್ತ. ಇಡೀ ಬದುಕು ನಿಶ್ಶಬ್ದ ದಾರಿಗಳನ್ನ ಜನರಿಗೆ ತೋರಿಸಿದವನು ಪೇಟೆಯ ಟ್ರಾಫಿಕ್ಕಲ್ಲಿ ಹೋದ. ಇದನ್ನ ಓದಿದ ದಿನ ನಾನು ಸರ್ವಿಸ್ ರಸ್ತೆ ಕಡೆ ಹೋಗಲೇ ಇಲ್ಲ.

ಸರಿ, ವಾಪಸ್ ಬರೋಣ. ವಾಪಸ್ ಬರೋಕೂ ಒಂದು ಫ್ರೆಂಚ್ ದಾರಿಯೇ ಇದೆ. ಶ್ರೀರಂಗಪಟ್ಟಣ ದಾಟಿ ಕಿರಂಗೂರಿನ ಮೇಲೆ ಹೋದ್ರೆ ಪಾಂಡವಪುರ. ಹಳ್ಳಿಯವರ ಬಾಯಲ್ಲಿ ಅದು ಹಿರೋಡೆ. ಬ್ರಿಟಿಷರ ನಕ್ಷೆಗಳಲ್ಲಿ ಅದರ ಹೆಸರು ಏನು ಗೊತ್ತಾ? ಫ್ರೆಂಚ್ ರಾಕ್ಸ್. ಹೈದರಾಲಿ, ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಆ ಬಂಡೆಗಳ ಹತ್ರ ಬೀಡು ಬಿಟ್ಟಿದ್ದರಿಂದ ಬಂದ ಹೆಸರು. ಕುಂತಿಬೆಟ್ಟದ ಬಂಡೆಗಳು. ತುಲೂಸ್ ಕಡೆಯ ಯಾರಾದ್ರೂ ಹುಡುಗ ಅಲ್ಲಿ ಕೂತು ಕೆಳಗಿನ ಗದ್ದೆಗಳನ್ನ ನೋಡ್ತಾ ತನ್ನೂರ ಕಾಲುವೆ ನೆನೆಸಿಕೊಂಡನೋ ಏನೋ. ಇದು ನನ್ನ ಕಲ್ಪನೆ, ಪರೀಕ್ಷೇಲಿ ಬರೀಬೇಡಿ.

ಪಾಂಡವಪುರದ ಸುತ್ತ ಇವತ್ತು ಕಾಣೋ ಹಸಿರಿಗೆ ದೊಡ್ಡ ಕಾರಣ ವಿ.ಸಿ. ನಾಲೆ. ಕೆಆರ್‌ಎಸ್ ಕೆಲಸ 1911ರಲ್ಲಿ ಶುರುವಾಯ್ತು. ಮದ್ರಾಸಿನ ಜೊತೆಗಿನ ಜಗಳ 1924ರ ಒಪ್ಪಂದದವರೆಗೆ ಎಳೀತು, ಅಣೆಕಟ್ಟೆ ಮುಗಿಯೋ ಹೊತ್ತಿಗೆ 1930ರ ದಶಕ ಬಂದಿತ್ತು. ಎಡದಂಡೆಯ ಮೇಲ್ಮಟ್ಟದ ನಾಲೆಗೆ ಆಗಿನ ವೈಸ್‌ರಾಯ್ ಇರ್ವಿನ್ ಹೆಸರಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಅದು ವಿಶ್ವೇಶ್ವರಯ್ಯ ನಾಲೆ. ಇದರ ನೀರನ್ನ ಮಂಡ್ಯ ಮದ್ದೂರಿನ ಕಡೆ ದಾಟಿಸೋಕೆ ಬೆಟ್ಟದ ಸಾಲು ಅಡ್ಡ ಬಂತು. ಬಳಸೋಕಾಗಲಿಲ್ಲ, ಕೊರೆದರು. ಹುಲಿಕೆರೆ ಸುರಂಗ, ಎರಡು ಕಿಲೋಮೀಟರಿಗೂ ಉದ್ದ. ಒಂದು ಇಡೀ ನಾಲೆ ಬೆಟ್ಟದ ಹೊಟ್ಟೆಯೊಳಗೆ ಮಾಯವಾಗಿ ಆ ಕಡೆ ಎದ್ದು ಬರುತ್ತೆ. ನೀರು ನೇರ ಹೋಗುತ್ತೆ, ಸೈಕಲ್ಲಿನವನು ಬೆಟ್ಟ ಸುತ್ತಿಕೊಂಡು ಹೋಗ್ಬೇಕು. ಇಡೀ ದಾರೀಲಿ ನಾಲೆ ನನ್ನ ಕೈಬಿಡೋದು ಅಲ್ಲೊಂದೇ ಕಡೆ.

ನೀರು ಬಂತು ಅಂದ ತಕ್ಷಣ ಎಲ್ಲ ಸುಖವಾಯ್ತು ಅಂತಲ್ಲ. ನೀರಿಗೆ ಕಟ್ಟಬೇಕಾದ ಹಣದ ವಿಷಯಕ್ಕೆ 1930ರ ದಶಕದಲ್ಲಿ ರೈತರು ಬೀದಿಗಿಳಿದ್ರು, ಅದು ಇರ್ವಿನ್ ನಾಲಾ ಚಳವಳಿ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯ್ತು. ರಾಗಿ, ಹುರುಳಿ ಬೆಳೀತಿದ್ದ ನೆಲದಲ್ಲಿ ಭತ್ತ, ಕಬ್ಬು ಬಂತು. ಆ ಕಬ್ಬು ಹೊರೋಕೆ ಗಾಡಿ ಬೇಕು, ಗಾಡಿಗೆ ದಾರಿ ಬೇಕು, ದಾರಿ ಅಂತ ಇದ್ದಿದ್ದು ಏರಿ.

ಇಲ್ಲಿಗೆ ನಮ್ಮ ಕಥೆ ಫ್ರಾನ್ಸಿನಿಂದ ಬೇರೆಯಾಗುತ್ತೆ. ಇದನ್ನ ಹೇಳೋಕೇ ನಾನು ಈ ಸಂಚಿಕೆ ಮಾಡಿದ್ದು.

ಕನಾಲ್ ದ್ಯು ಮಿದಿಯಲ್ಲಿ ಸರಕಿನ ದೋಣಿಗಳು ಹೆಚ್ಚುಕಡಿಮೆ 1980ರ ಹೊತ್ತಿಗೆ ನಿಂತವು. ಕುದುರೆಗಳು ಅದಕ್ಕೂ ಎಷ್ಟೋ ಮೊದಲೇ ಹೋಗಿದ್ವು. 1996ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರ್ತು. ಅಂದ್ರೆ ಕಾಲುವೆಯ ಮೂಲ ಕೆಲಸ ಸತ್ತ ಮೇಲೆ ಆ ದಾರಿ ಸೈಕಲ್ಲಿಗೆ ಸಿಕ್ಕಿತು. ಖಾಲಿ ಮನೆ, ಬಾಡಿಗೆಗೆ ಬಂದವರು ನಾವು. ಅಲ್ಲೂ ತೊಂದರೆ ಇಲ್ಲ ಅಂತಲ್ಲ: ದಡದ ಪ್ಲೇನ್ ಮರಗಳಿಗೆ 2006ರಿಂದ ಒಂದು ಶಿಲೀಂಧ್ರ ರೋಗ ಬಂದು ಸುಮಾರು 42 ಸಾವಿರ ಮರಗಳಲ್ಲಿ ಸಾವಿರಾರನ್ನ ಕಡಿದು ಸುಡಬೇಕಾಯ್ತು. ಆ ರೀಲ್ಸ್‌ನ ನೆರಳು ಇನ್ನೆಷ್ಟು ವರ್ಷವೋ.

ನಮ್ಮ ನಾಲೆ ಸತ್ತಿಲ್ಲ. ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಇಲ್ಲ ಅಂತ ಇವತ್ತಿಗೂ ಲೆಕ್ಕ ನಡೀತಿದೆ. ಏರಿ ಮೇಲೆ ಬೆಳಗ್ಗೆ ಆರಕ್ಕೆ ಯಾರಿರ್ತಾರೆ? ಹಾಲಿನ ಕ್ಯಾನ್ ಹೊತ್ತ ಟಿವಿಎಸ್. ಎಮ್ಮೆ. ಸೋಪಾನದ ಮೇಲೆ ಬಟ್ಟೆ ಒಗೆಯೋ ಹೆಂಗಸರು. ಭತ್ತ ಒಣಗಿಸೋಕೆ ದಾರಿ ತುಂಬ ಹರಡಿರೋ ಕಾಲದಲ್ಲಿ ಸೈಕಲ್ ಇಳಿದು ಅಂಚಿನಲ್ಲಿ ನಡ್ಕೊಂಡು ಹೋಗಬೇಕು. ಬಟ್ಟೆ ಒಗೆಯೋ ಜಾಗದಲ್ಲಿ ಕ್ಯಾಮೆರಾ ತೆಗೀಬಾರದು, ಇದನ್ನ ನಮ್ಮ ಸೈಕಲ್ ಗುಂಪುಗಳ ಹುಡುಗರಿಗೆ ಎರಡೆರಡು ಸಲ ಹೇಳಬೇಕು. 'ಎಂಜಿನ್ ಗಾಡಿಗೆ ಪ್ರವೇಶ ಇಲ್ಲ' ಅನ್ನೋ ಫ್ರೆಂಚ್ ಬೋರ್ಡು ಇಲ್ಲಿ ಹಾಕೋಕಾಗಲ್ಲ. ಹಾಕಿದ್ರೆ ಕಬ್ಬು ಹೊಲದಲ್ಲೇ ಒಣಗುತ್ತೆ.

ಹಾಗಾದ್ರೆ ಈ ದಾರಿಯನ್ನ ಇಷ್ಟು ದಿನ ನಿಶ್ಶಬ್ದವಾಗಿ ಇಟ್ಟಿದ್ದು ಯಾರು? ಕಾನೂನಲ್ಲ. ಮಣ್ಣು. ಗುಂಡಿ, ಗಾಡಿಜಾಡು, ಮಳೆಗಾಲದ ಕೆಸರು. ಕಾರಿನವನಿಗೆ ಬರೋಕೆ ಮನಸ್ಸಾಗ್ತಿರಲಿಲ್ಲ. ಅಷ್ಟೇ.

ಈಗ ಟಾರು ಬರ್ತಿದೆ. ನಾನು ಓಡಾಡೋ ಏರಿಗಳಲ್ಲೇ ಕಳೆದ ಐದಾರು ವರ್ಷದಲ್ಲಿ ಒಂದೊಂದು ತುಂಡು ಕಪ್ಪಾಗ್ತಾ ಬಂದಿದೆ. ಹಳ್ಳಿಯವರು ಕೇಳಿದ್ದು ನ್ಯಾಯ. ಬಸುರಿ ಹೆಂಗಸನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋ ಆಟೋಗೆ ಗುಂಡಿ ರಸ್ತೆ ಸಾಕು ಅಂತ ಹೇಳೋಕೆ ನಾನ್ಯಾರು, ಭಾನುವಾರ ಬೆಳಗ್ಗೆ ಹೆಲ್ಮೆಟ್ ಹಾಕ್ಕೊಂಡು ಬರೋನು? ಆದ್ರೆ ಟಾರು ಬಂದ ಮೇಲೆ ಏರಿ ಬರೀ ಹಳ್ಳಿಯವರಿಗೆ ಉಳಿಯಲ್ಲ. ಫೋನಿನ ಮ್ಯಾಪು ಅದನ್ನ ಶಾರ್ಟ್‌ಕಟ್ ಅಂತ ತೋರಿಸೋಕೆ ಶುರು ಮಾಡುತ್ತೆ. ಟೋಲ್ ಉಳಿಸೋ ಕಾರುಗಳು ಬರುತ್ತವೆ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ತುಂಬಿದ ನಾಲೆ, ನಡುವೆ ಒಂದೂವರೆ ಗಾಡಿ ಅಗಲದ ನುಣುಪು ರಸ್ತೆ, ಎಷ್ಟೋ ಕಡೆ ತಡೆಗೋಡೆ ಇಲ್ಲ.

2018ರ ನವೆಂಬರ್ 24. ಮಂಡ್ಯ ಜಿಲ್ಲೆಯವರಿಗೆ ಆ ದಿನ ಮರೆಯಲ್ಲ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ರ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಬಿತ್ತು. 30 ಜನ ಹೋದ್ರು. ಶಾಲೆ ಮುಗಿಸಿ ಮನೆಗೆ ಹೋಗ್ತಿದ್ದ ಮಕ್ಕಳಿದ್ರು ಅದರಲ್ಲಿ. ಅದೇ ರಾತ್ರಿ ಅಂಬರೀಶ್ ತೀರಿಕೊಂಡ ಸುದ್ದಿ ಬಂತು, ಮರುದಿನದಿಂದ ಟಿವಿಯಲ್ಲೆಲ್ಲ ಅದೇ ಆಯ್ತು. ಆ 30 ಮನೆಗಳ ಸುದ್ದಿ ಹಿಂದೆ ಸರೀತು. ಐದು ವರ್ಷ ಆದ್ಮೇಲೆ, 2023ರ ನವೆಂಬರ್‌ನಲ್ಲಿ, ಅದೇ ತಾಲ್ಲೂಕಿನ ಬನಘಟ್ಟದ ಹತ್ರ ಕಾರೊಂದು ನಾಲೆಗೆ ಬಿದ್ದು ಐವರು ಹೋದ್ರು. ಪ್ರತಿ ಸಲ ತಡೆಗೋಡೆ ಅನ್ನೋ ಮಾತು ಬರುತ್ತೆ. ಕೆಲವು ಕಡೆ ಕಟ್ಟಿದ್ದಾರೆ, ನಾನು ನೋಡಿದ್ದೀನಿ. ಎಷ್ಟೋ ಕಡೆ ಇನ್ನೂ ಕಲ್ಲು ನೆಟ್ಟು ಬಿಟ್ಟಿದ್ದಾರೆ.

ಲೆಕ್ಕದ ಭಾಷೇಲಿ ಹೇಳಬೇಕಂದ್ರೆ ತಪ್ಪಾಗ್ತಿರೋದು ಇಲ್ಲಿ. ಏರಿಯನ್ನ ಕಾಕಂಬಿ ಅಂತ ಖರ್ಚು ಸೊನ್ನೆ ಬರೆದ್ವಿ. ಆಮೇಲೆ ಅದನ್ನೇ ಮುಖ್ಯ ರಸ್ತೆ ತರ ಬಳಸೋಕೆ ಶುರು ಮಾಡಿದ್ವಿ, ಲೆಕ್ಕ ಮಾತ್ರ ಬದಲಿಸಲಿಲ್ಲ. ಬಸ್ಸು ಹೋಗೋ ಏರಿಗೆ ಗೋಡೆ ಬೇಕು, ಅದಕ್ಕೆ ಬಜೆಟ್ಟಲ್ಲಿ ಒಂದು ಸಾಲು ಬೇಕು. ಬಸ್ಸು ಹೋಗದ ಏರಿಗೆ ಟಾರು ಹಾಕೋಕೆ ಮೊದಲು ಅಲ್ಲಿನ ರೈತರನ್ನೇ ಕೇಳಲಿ: ನಿಮಗೆ ಬೇಕಾಗಿರೋದು ಗುಂಡಿ ಇಲ್ಲದ ಗಟ್ಟಿ ಮಣ್ಣಾ, ಅಥವಾ ಹೊರಗಿನ ಕಾರುಗಳಾ? ನನ್ನ ಅಭಿಪ್ರಾಯ ಏನು ಅಂತ ನಿಮಗೆ ಗೊತ್ತಾಗಿದೆ. ಆದ್ರೆ ನಾನು ಅಲ್ಲಿ ಅತಿಥಿ. ಓಟು ನಂದಲ್ಲ.

ಅತಿಥಿ ಅನ್ನೋದು ನನಗೆ ಅರ್ಥ ಆದ ದಿನದ ವಿಷಯ ಹೇಳಿ ನಿಲ್ಲಿಸ್ತೀನಿ.

ಪಾಂಡವಪುರದ ಆ ಕಡೆ, ವಿ.ಸಿ. ನಾಲೆಯ ಒಂದು ಕವಲು. ತೂಬಿನ ಹತ್ರ ಒಬ್ಬರು ಸೌಡಿ ಕೂತಿದ್ರು. ಅರವತ್ತರ ಹತ್ರ ವಯಸ್ಸು, ತಲೆಗೆ ಟವಲ್ಲು, ಪಕ್ಕದಲ್ಲಿ ಕ್ಯಾರಿಯರ್ ಇಲ್ಲದ ಹಳೇ ಸೈಕಲ್ಲು. ನನ್ನ ಸೈಕಲ್ ನೋಡಿದ್ರು, ಟೈರ್ ಒತ್ತಿ ನೋಡಿದ್ರು, ಎಷ್ಟಾಯ್ತು ಅಂದ್ರು. ಸುಳ್ಳು ಹೇಳಿ ಅರ್ಧ ಬೆಲೆ ಹೇಳಿದೆ. ಅದಕ್ಕೇ ಬೆಚ್ಚಿಬಿದ್ರು.

'ಯಾವೂರು?'

'ಮೈಸೂರು.'

'ಏನ್ ಕೆಲ್ಸ ಈ ಕಡೆ?'

'ಏನಿಲ್ಲ, ಸುಮ್ನೆ ಬಂದೆ.'

ಒಂದು ನಿಮಿಷ ನನ್ನ ಮುಖ ನೋಡಿದ್ರು. 'ಸುಮ್ನೆ ಯಾರಾದ್ರೂ ನಾಲೆ ಏರಿ ಮೇಲೆ ಬರ್ತಾರಾ?'

ಉತ್ತರ ಇರಲಿಲ್ಲ. ಫ್ರಾನ್ಸ್, ವೆಲೋಸಿಯೊ, ಹಸಿರು ದಾರಿ, ಇದ್ಯಾವುದನ್ನೂ ಅವರಿಗೆ ಹೇಳೋಕೆ ಬಾಯಿ ಬರಲಿಲ್ಲ. ಕೊನೆಗೆ, ಇಲ್ಲಿ ಗಾಡಿ ಕಾಟ ಇಲ್ಲ ಅದಕ್ಕೆ ಅಂದೆ. ಅದು ಅವರಿಗೆ ಅರ್ಥ ಆಯ್ತು. 'ಆಚೆ ಟಾರಾಗೈತಲ್ಲ, ಆ ಕಡೆ ಹೋಗ್ಬೇಡಿ ಮತ್ತೆ. ಅಲ್ಲಿ ನಾನೇ ಹೋಗಲ್ಲ ಬೆಳಗಾದ್ಮೇಲೆ' ಅಂದ್ರು. ಆಮೇಲೆ ನೀರು ಕುಡಿದು, ಫೋನ್ ತೆಗೆದು ಯಾರಿಗೋ ಮಾಡಿದ್ರು. ಎತ್ತಲಿಲ್ಲ. ಮತ್ತೆ ಮಾಡಿದ್ರು. ಬೈದ್ರು.

'ನೀವು ಹೆಂಗೂ ಕೆಳಗಡೆ ಹೋಗ್ತೀರಲ್ಲ, ಮುಂದಿನ ತೂಬ್ತಾವ ಒಬ್ಬ ಹುಡುಗ ಇರ್ತಾನೆ. ಎರಡು ಸುತ್ತು ಇಳಿಸಂತೆ ಅಂದ್ಬಿಡಿ. ನೀರು ಜಾಸ್ತಿ ಬತ್ತಾ ಅದೆ.'

ಎರಡು ಸುತ್ತು. ದಾರಿಯುದ್ದಕ್ಕೂ ಮರೆತುಹೋಗುತ್ತೇನೋ ಅಂತ ಅದನ್ನೇ ಜಪ ಮಾಡ್ಕೊಂಡು ತುಳಿದೆ. ಮೂರು ಕಿಲೋಮೀಟರ್ ಇರಬೇಕು. ಬಟ್ಟೆ ಒಗೆಯೋ ಕಡೆ ಇಳಿದೆ, ಮತ್ತೆ ಹತ್ತಿದೆ. ತೂಬಿನ ಹತ್ರ ಹುಡುಗ ಮರಕ್ಕೆ ಒರಗಿ ಕೂತಿದ್ದ, ಫೋನು ಚಾರ್ಜ್ ಮುಗಿದು ಕೈಯಲ್ಲಿತ್ತು. ಹೇಳಿದೆ. ಯಾರು, ಏನು ಅಂತ ಕೇಳಲಿಲ್ಲ ಅವನು. ಎದ್ದು, ಕಬ್ಬಿಣದ ಚಕ್ರ ಹಿಡಿದು ಒಂದು ಸುತ್ತು ತಿರುಗಿಸಿದ. ನಿಂತು ನೀರು ನೋಡಿದ. ಇನ್ನೊಂದು ಸುತ್ತು ತಿರುಗಿಸಿದ.